ಚಳವಳಿಯನ್ನು ಪರದೆ ಮಾಡಬೇಡಿ

ಪ್ರಶ್ನೆ: ಕಾಲೇಜು ತಂಡಕ್ಕಾಗಿ ಸಂಗೀತ ನಾಟಕವೊಂದನ್ನು ಬರೆಯುತ್ತಿದ್ದೇನೆ. ಒಂದು ಪ್ರೇಮಕಥೆ, ಅದರ ಹಿಂದೆ ಒಂದು ಚಳವಳಿ. ತಾಲೀಮಿನಲ್ಲಿ ಪ್ರೇಮದ ದೃಶ್ಯಗಳು ಸಲೀಸಾಗಿ ಸಾಗುತ್ತವೆ. ಚಳವಳಿ ಬಂತೆಂದರೆ ನಾಟಕ ಭಾಷಣವಾಗಿಬಿಡುತ್ತದೆ. ದೊಡ್ಡ ಮ್ಯೂಸಿಕಲ್‌ಗಳು ಇವೆರಡನ್ನೂ ಹೇಗೆ ಬೆಸೆಯುತ್ತವೆ?

ಉತ್ತರ: ‘ಅದರ ಹಿಂದೆ’ ಎಂದಿರಲ್ಲ, ತೊಡಕು ಅಲ್ಲೇ ಇದೆ. ರಾಜಕೀಯವನ್ನು ಪರದೆಯ ಹಾಗೆ ಹಿಂದೆ ಇಳಿಬಿಟ್ಟರೆ ಅದಕ್ಕೆ ಮಾಡಲು ಕೆಲಸವೇ ಇರುವುದಿಲ್ಲ. ಆಗ ಯಾರಾದರೊಬ್ಬರು ಮುಂದೆ ಬಂದು ಅದರ ಪರವಾಗಿ ಮಾತಾಡಬೇಕಾಗುತ್ತದೆ.

1966ರಲ್ಲಿ ನ್ಯೂಯಾರ್ಕಿನ ರಂಗಭೂಮಿ ಬ್ರಾಡ್‌ವೇಗೆ ಬಂದ ‘ಕ್ಯಾಬರೆ’ ನೋಡಿ. ನಾಜಿಗಳು ಅಧಿಕಾರಕ್ಕೇರುವ ಮುಂಚಿನ ಬರ್ಲಿನ್. ಜನರಿಗೆ ನೆನಪಿರುವುದು ಕ್ಲಬ್ಬಿನ ಹಾಡುಗಾರ್ತಿ ಸ್ಯಾಲಿ ಬೌಲ್ಸ್. ನನ್ನನ್ನು ಕೇಳಿದರೆ ನಾಟಕದ ಜೀವ ಇರುವುದು ವಯಸ್ಸಾದ ಇನ್ನೊಂದು ಜೋಡಿಯಲ್ಲಿ: ಕೋಣೆಗಳನ್ನು ಬಾಡಿಗೆಗೆ ಕೊಡುವ ಶ್ನೈಡರ್, ಹಣ್ಣಿನಂಗಡಿಯ ಯಹೂದಿ ಶುಲ್ಟ್ಸ್. ಅವನು ಆಕೆಗೆ ತಂದುಕೊಡುವುದು ಒಂದು ಅನಾನಸ್. ಅದರ ಸುತ್ತಲೇ ಇಬ್ಬರ ಒಂದು ಹಾಡಿದೆ. ಕೇಳುವಾಗ ನಗು ಬರುತ್ತದೆ. ಅವರ ನಿಶ್ಚಿತಾರ್ಥದ ಕೂಟಕ್ಕೆ ಬಂದ ಅತಿಥಿಯ ತೋಳಿನಲ್ಲಿ ನಾಜಿಗಳ ಸ್ವಸ್ತಿಕದ ಪಟ್ಟಿ. ಆಮೇಲೆ ಅಂಗಡಿಯ ಗಾಜಿಗೆ ಇಟ್ಟಿಗೆ ಬೀಳುತ್ತದೆ. ಹುಡುಗರ ಕಿತಾಪತಿ ಬಿಡು ಎನ್ನುತ್ತಾನೆ ಶುಲ್ಟ್ಸ್. ಆಕೆಗೆ ಸಮಾಧಾನವಿಲ್ಲ. ಯಹೂದಿಯನ್ನು ಮದುವೆಯಾಗಿ, ಬಾಡಿಗೆಗೆ ಕೊಡುವ ಪರವಾನಗಿ ಹೋದರೆ ಈ ವಯಸ್ಸಿನಲ್ಲಿ ಹೊಟ್ಟೆಪಾಡೇನು? ಮದುವೆ ಮುರಿಯುತ್ತದೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಹಾಡಿನಲ್ಲೇ ಕೇಳುತ್ತಾಳೆ. ಸಿದ್ಧಾಂತದ ಚರ್ಚೆ ಒಂದು ಸಾಲೂ ಇಲ್ಲ, ಪರವಾನಗಿಯ ಚಿಂತೆ ಅಷ್ಟೇ. ಆಕೆ ಕೆಟ್ಟವಳೂ ಅಲ್ಲ. ಮೈ ನಡುಗಿಸುವುದು ಅದೇ.

‘ಫಿಡ್ಲರ್ ಆನ್ ದ ರೂಫ್’ (1964) ಇನ್ನೂ ಮಿತಭಾಷಿ. ಕ್ರಾಂತಿಕಾರಿ ಪೆರ್ಚಿಕ್‌ನನ್ನು ರಷ್ಯಾದ ತ್ಸಾರ್ ಸರ್ಕಾರ ಸೈಬೀರಿಯಾಕ್ಕೆ ಕಳಿಸಿದೆ. ಅವನಲ್ಲಿಗೆ ಹೊರಟ ಪ್ರೇಯಸಿ ಹೋಡೆಲ್ ರೈಲು ನಿಲ್ದಾಣದಲ್ಲಿ ತಂದೆಯ ಮುಂದೆ ಹಾಡುವುದು ಕ್ರಾಂತಿಯನ್ನಲ್ಲ, ಬಿಟ್ಟುಹೋಗುವ ಮನೆಯನ್ನು.

ಗುಂಪಿನ ದೃಶ್ಯ ಬೇಕೇ ಬೇಕು ಎಂದಾದರೆ ಲಂಡನ್ನಿನಲ್ಲಿ 1985ರಲ್ಲಿ ತೆರೆಕಂಡ ‘ಲೆ ಮಿಸರಾಬ್ಲ್’ನ ಮೊದಲ ಅಂಕದ ಕೊನೆಯ ಹಾಡನ್ನು ಹತ್ತು ಸಲ ಕೇಳಿ. (ಅದರಲ್ಲಿ ಬರುವುದು 1789ರ ಫ್ರಾನ್ಸಿನ ಮಹಾಕ್ರಾಂತಿ ಎಂದು ಬಹಳ ಮಂದಿ ಅಂದುಕೊಂಡಿದ್ದಾರೆ. ಅಲ್ಲ, 1832ರ ಜೂನಿನಲ್ಲಿ ಪ್ಯಾರಿಸ್‌ನಲ್ಲಿ ನಡೆದು ಸೋತ ದಂಗೆ.) ನಾಳೆ ದಂಗೆ. ತಲೆಮರೆಸಿಕೊಂಡಿರುವ ಮಾಜಿ ಕೈದಿ ವಾಲ್‌ಜಾನ್‌ಗೆ ಊರು ಬಿಟ್ಟು ಪಾರಾಗುವ ಯೋಚನೆ. ವಿದ್ಯಾರ್ಥಿ ಮಾರಿಯಸ್‌ಗೆ ಹುಡುಗಿಯೋ ದಂಗೆಯ ಗೆಳೆಯರೋ ಎಂಬ ತೊಳಲಾಟ. ಅವನನ್ನು ಒಳಗೊಳಗೇ ಪ್ರೀತಿಸುವ ಎಪೊನೀನ್‌ಗೆ ಒಂಟಿತನ. ತೆನಾರ್ದಿಯೇ ದಂಪತಿಗೆ ದೋಚುವ ಲೆಕ್ಕ. ಒಂದೇ ಸಂಗೀತದಲ್ಲಿ ಇಷ್ಟು ಮಂದಿ ತಂತಮ್ಮ ನಾಳೆಯನ್ನು ಹಾಡುತ್ತಾರೆ. ಮಾತಿನ ನಾಟಕದಲ್ಲಿ ಎಲ್ಲರೂ ಒಟ್ಟಿಗೆ ಬಾಯಿ ತೆರೆದರೆ ಗದ್ದಲ. ಹಾಡಿಗೆ ಮಾತ್ರ ಈ ಸೌಲಭ್ಯ. ಅದನ್ನು ಬಳಸದೆ ಎಲ್ಲರ ಬಾಯಿಗೂ ಒಂದೇ ಘೋಷಣೆ ಕೊಟ್ಟರೆ ಸಂಗೀತ ದಂಡ.

ಈಗ ನಿಮ್ಮ ಪ್ರತಿ ತೆಗೆದುಕೊಳ್ಳಿ. ಚಳವಳಿಯಿಂದಾಗಿ ನಿಮ್ಮ ಜೋಡಿ ಏನನ್ನು ಕಳೆದುಕೊಳ್ಳುತ್ತದೆ ಎಂದು ಒಂದು ವಾಕ್ಯದಲ್ಲಿ ಬರೆಯಿರಿ. ಕೆಲಸವೋ, ಮನೆಯೋ, ಅಪ್ಪನ ಮಾತೋ, ಕೈಯಲ್ಲಿ ಹಿಡಿದು ತೋರಿಸುವಂಥದ್ದಿರಲಿ. ಅದು ಹೊಳೆದ ಮೇಲೆ ಭಾಷಣವನ್ನು ಹೊಡೆದುಹಾಕಿ, ಆ ಜಾಗದಲ್ಲಿ ಹುಡುಗಿಗೊಂದು ಹಾಡು ಕೊಡಿ. ಅದರಲ್ಲಿ ‘ಹೋರಾಟ’ ಎಂಬ ಪದ ಬರದಂತೆ ನೋಡಿಕೊಳ್ಳಿ.