ನೆಟ್ಟಗೆ ನಿಂತಿದ್ದೇನೆ ಅಂತ ಯಾರು ಹೇಳಿದ್ದು?

ರಾಜಾಜಿನಗರದಿಂದ ಓದುಗರೊಬ್ಬರು ಬರೆದಿದ್ದಾರೆ. ವಯಸ್ಸು 52, ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಮದುವೆ ಮನೆಯಲ್ಲಿ ಮಗಳು ತೆಗೆದ ವಿಡಿಯೋ ನೋಡಿ ಬೆಚ್ಚಿಬಿದ್ದರಂತೆ. "ಹಿಂದಿನಿಂದ ನೋಡಿದರೆ ನಮ್ಮ ಅಮ್ಮನೇ ನಡೆದು ಹೋದ ಹಾಗಿತ್ತು. ತಲೆ ಮುಂದೆ, ಬೆನ್ನು ಗೂನು, ಕಾಲು ಎಳೆದುಕೊಂಡು ಹೋಗುತ್ತಿದ್ದೆ. ಸಹೋದ್ಯೋಗಿಯೊಬ್ಬರು ರಾಲ್ಫಿಂಗ್ ಅಂತ ಮೈ ಒತ್ತುವ ಚಿಕಿತ್ಸೆ ಮಾಡಿಸಿ, ಹತ್ತು ಸಲಕ್ಕೆ ನೆಟ್ಟಗಾಗ್ತೀರಿ ಅಂತಾರೆ. ನಮ್ಮ ನಾದಿನಿ ಯೋಗ ಒಂದೇ ಸಾಕು ಅಂತಾಳೆ. ಯಾವುದಕ್ಕೆ ದುಡ್ಡು ಹಾಕಲಿ?"

ನಮಸ್ಕಾರ ಮೇಡಂ.

ದುಡ್ಡಿನ ಮಾತು ಆಮೇಲೆ. ಮೊದಲು ಆ ವಿಡಿಯೋ ಮಾತಾಡೋಣ. ಅದನ್ನು ನೋಡುವವರೆಗೆ ನೀವು ನೆಟ್ಟಗೇ ನಡೆಯುತ್ತಿದ್ದೀರಿ ಅಂತ ನಿಮಗೆ ಅನ್ನಿಸಿತ್ತು, ಅಲ್ವಾ? ಅಸಲಿ ತೊಂದರೆ ಇರುವುದೇ ಅಲ್ಲಿ.

ನನ್ನ ಕತೆಯೂ ಇದೇ. ಗಾಂಧಿಬಜಾರಿನ ಹತ್ತಿರ ಚಪ್ಪಲಿ ಹೊಲಿಯುವವರೊಬ್ಬರಿಗೆ ನನ್ನ ಶೂ ಕೊಟ್ಟಿದ್ದೆ. ತಿರುಗಿಸಿ ಅಟ್ಟೆ ನೋಡಿದವರೇ, "ಸಾರ್, ಬಲಗಡೆ ಬ್ಯಾಗ್ ಹಾಕ್ತೀರಾ? ಇದೊಂದೇ ಹಿಮ್ಮಡಿ ಸವೆದಿದೆ" ಅಂದರು. ಇಪ್ಪತ್ತು ವರ್ಷದಿಂದ ಲ್ಯಾಪ್‌ಟಾಪ್ ಬ್ಯಾಗ್ ಬಲ ಹೆಗಲಿಗೇ. ಅದಕ್ಕೂ ಮೊದಲು ನಾನು ಒಂದು ಕಡೆ ಹತ್ತು ಸಿಟ್ಟಿಂಗ್‌ಗೆ ಮುಂಗಡ ಕಟ್ಟಿ ಮೈ ಒತ್ತಿಸಿಕೊಂಡಿದ್ದೆ. ಹೊರಗೆ ಬರುವಾಗ ಗಾಳಿಯಲ್ಲಿ ತೇಲಿದ ಹಾಗಿರುತ್ತಿತ್ತು. ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲಿ ಮತ್ತೆ ಹಳೇ ಗೂನು. ಅಲ್ಲಿ ಯಾರೂ ನನ್ನನ್ನು ನಾಲ್ಕು ಹೆಜ್ಜೆ ನಡೆಸಿ ನೋಡಲಿಲ್ಲ. ಬ್ಯಾಗ್ ಬಗ್ಗೆ ಕೇಳಲೂ ಇಲ್ಲ.

ನೆಟ್ಟಗಿದ್ದೇನೆ ಅಂತ ಅನ್ನಿಸುವುದನ್ನು ನಂಬುವ ಹಾಗಿಲ್ಲ ಅಂತ ನೂರು ವರ್ಷಕ್ಕೂ ಮೊದಲೇ ಕಂಡುಕೊಂಡವರು ಆಸ್ಟ್ರೇಲಿಯಾದ ನಟ ಎಫ್. ಎಂ. ಅಲೆಕ್ಸಾಂಡರ್ (1869–1955). ವೇದಿಕೆ ಮೇಲೆ ಅವರ ಗಂಟಲು ಕಟ್ಟಿಹೋಗುತ್ತಿತ್ತು. ಕನ್ನಡಿ ಮುಂದೆ ನಿಂತು ಮಾತಾಡಿ ನೋಡಿದರು. ಬಾಯಿ ತೆರೆಯುವಾಗೆಲ್ಲ ತಲೆಯನ್ನು ಹಿಂದಕ್ಕೆ, ಕೆಳಕ್ಕೆ ಎಳೆದುಕೊಳ್ಳುವುದು ಕಂಡಿತು. ಸರಿ, ತಿದ್ದಿಕೊಂಡರು. ತಿದ್ದಿಕೊಂಡೆ ಅಂದುಕೊಂಡಾಗಲೂ ಕನ್ನಡಿಯಲ್ಲಿ ಮಾತ್ರ ತಲೆ ಹಿಂದಕ್ಕೇ ಹೋಗುತ್ತಿತ್ತು! ರೂಢಿಯಾದದ್ದೇ ಮೈಗೆ ಸರಿ ಅನ್ನಿಸುತ್ತದೆ. ನಿಜವಾಗಿ ನೇರ ನಿಲ್ಲಿಸಿದರೆ ಹಿಂದಕ್ಕೆ ಬೀಳುತ್ತೇನೋ ಅನ್ನಿಸುತ್ತದೆ. ಇಂಥ ರೂಢಿ ಬಿಡಿಸಲು ಅಲೆಕ್ಸಾಂಡರ್ ಹೆಸರಿನಲ್ಲಿ ನಡೆಯುವ ಪಾಠಗಳನ್ನು ಹಳೇ ಬೆನ್ನುನೋವಿನವರ ಮೇಲೆ ಇಂಗ್ಲೆಂಡಿನಲ್ಲಿ ಪರೀಕ್ಷಿಸಿದ್ದೂ ಉಂಟು. 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಫಲಿತಾಂಶ ಬಂತು. ಒಂದು ವರ್ಷದ ಮೇಲೂ ಅವರಿಗೆ ಅನುಕೂಲ ಉಳಿದಿತ್ತು.

ಇನ್ನು ರಾಲ್ಫಿಂಗ್. ಇದನ್ನು ರೂಪಿಸಿದವರು ಐಡಾ ರಾಲ್ಫ್ (1896–1979), ಅಮೆರಿಕದ ಜೀವರಸಾಯನ ವಿಜ್ಞಾನಿ. ಹತ್ತು ಸಲದ ಕ್ರಮವೂ ಅವರದೇ. ದೇವನಹಳ್ಳಿ ಚಕ್ಕೋತ ಬಿಡಿಸಿದ್ದೀರಲ್ಲ? ಒಂದೊಂದು ತೊಳೆಗೂ ಬಿಳಿ ಸಿಪ್ಪೆ ಸುತ್ತಿರುತ್ತದೆ. ನಮ್ಮ ಸ್ನಾಯುಗಳಿಗೂ ಅಂಥದೇ ಪದರ ಇದೆ, ಫೇಶಿಯಾ ಅಂತಾರೆ. ಅದು ಬಿಗಿದು ಅಂಟಿಕೊಂಡಿದ್ದರೆ ಕೈಯಿಂದ ಒತ್ತಿ ಸಡಿಲಿಸಬಹುದು, ಆಗ ಮೈ ತಾನೇ ನೆಟ್ಟಗಾಗುತ್ತದೆ ಅನ್ನುವುದು ಅವರ ವಾದ. ಒತ್ತಿಸಿಕೊಂಡಾಗ ಹಗುರ ಅನ್ನಿಸುವುದು ಸುಳ್ಳಲ್ಲ. ಆದರೆ ಆ ಪದರ ಮೇಣದ ಹಾಗೆ ಕರಗಿ ಶಾಶ್ವತವಾಗಿ ಹೊಸ ಆಕಾರಕ್ಕೆ ಬರುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಹತ್ತು ಸಲಕ್ಕೆ ನೆಟ್ಟಗಾಗ್ತೀರಿ ಅಂತ ಯಾರಾದರೂ ಭರವಸೆ ಕೊಟ್ಟರೆ, ಕೈ ಮುಗಿದು ಎದ್ದು ಬನ್ನಿ.

ನಿಮ್ಮ ನಾದಿನಿಯ ಪಕ್ಷವೂ ಗಟ್ಟಿಯಾಗಿದೆ. ಕೋಲಾರ ಕಡೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ ಚಿಕ್ಕಂದಿನಲ್ಲಿ ರೋಗಿಷ್ಠ ಹುಡುಗ. ತಲೆ ಎತ್ತಿ ಹಿಡಿಯುವುದೇ ಕಷ್ಟವಾಗುತ್ತಿತ್ತು ಅಂತ ಅವರೇ ಹೇಳಿಕೊಂಡಿದ್ದಾರೆ. ಮೈಸೂರಿಗೆ ಹೋಗಿ ಭಾವ ಕೃಷ್ಣಮಾಚಾರ್ಯರ ಹತ್ತಿರ ಕಲಿತರು. ಆಮೇಲೆ ಬೆಲ್ಟು, ಹಗ್ಗ, ಮರದ ಇಟ್ಟಿಗೆ, ಕುರ್ಚಿ ಎಲ್ಲವನ್ನೂ ಯೋಗಕ್ಕೆ ತಂದರು. ಇವನ್ನು ಬರೀ ಆಸರೆ ಅಂದುಕೊಳ್ಳಬೇಡಿ. ಗೋಡೆಗೆ ಒರಗಿದಾಗ ಭುಜದ ಯಾವ ಭಾಗ ತಾಗುತ್ತಿಲ್ಲ ಅಂತ ಗೋಡೆಯೇ ಹೇಳುತ್ತದೆ. ಚಪ್ಪಲಿ ಹೊಲಿಯುವವರು ನನಗೆ ಹೇಳಿದ ಹಾಗೆ.

ಹಾಗಾಗಿ ನನ್ನ ಉತ್ತರ: ಒತ್ತುವ ಕೈಗಿಂತ, ಕಲಿಸುವ ಆಸನಗಳ ಸಂಖ್ಯೆಗಿಂತ, ನೋಡುವ ಕಣ್ಣಿಗೆ ದುಡ್ಡು ಹಾಕಿ. ಮೊದಲ ದಿನ ನಿಮ್ಮನ್ನು ಬರಿಗಾಲಲ್ಲಿ ನಡೆಸಿ ನೋಡುವವರು ಬೇಕು. ಫಿಸಿಯೋಥೆರಪಿಸ್ಟ್ ಆದರೂ ಸರಿ, ಯೋಗದ ಮೇಷ್ಟ್ರಾದರೂ ಸರಿ. ಐವತ್ತು ಜನರ ಹಾಲ್‌ನಲ್ಲಿ ಕೊನೇ ಸಾಲಿನ ಚಾಪೆ ನಿಮಗೆ ಸದ್ಯಕ್ಕೆ ಬೇಡ.

ಅದಕ್ಕೂ ಮೊದಲು ಒಂದು ಡಾಕ್ಟರ್ ಭೇಟಿ. ಮುಟ್ಟು ನಿಂತ ಮೇಲೆ ಮೂಳೆ ಸವೆಯುವುದು ಜಾಸ್ತಿ. ಬೆನ್ನಿನ ಮೂಳೆಗಳು ಸದ್ದಿಲ್ಲದೆ ಕುಸಿದು ಗೂನಾಗುವುದೂ ಇದೆ. ಎತ್ತರ ಕಡಿಮೆಯಾಗಿದೆಯಾ, ಅಳೆದು ನೋಡಿ. ಮೂಳೆ ಸಾಂದ್ರತೆಯ ಪರೀಕ್ಷೆ ಬೇಕಾ ಅಂತ ಕೇಳಿ. ಮೂಳೆ ಸವೆದಿದ್ದರೆ ಜೋರಾಗಿ ಒತ್ತಿಸಿಕೊಳ್ಳುವುದೂ ಬೇಡ, ಪೂರ್ತಿ ಮುಂದಕ್ಕೆ ಬಗ್ಗುವ ಆಸನಗಳೂ ಬೇಡ. ಕಾಲು ಎಳೆಯುತ್ತದೆ ಅಂದಿರಿ. ಬರೀ ರೂಢಿಯಾ, ಪಾದ ಎತ್ತಲು ಬಲವೇ ಇಲ್ಲವಾ ಅನ್ನುವುದನ್ನೂ ಅವರೇ ನೋಡಲಿ. ಜೋಮು, ಮೂತ್ರ ತಡೆಯಲಾಗದಿರುವುದು ಜೊತೆಗಿದ್ದರೆ ಅವತ್ತೇ ಹೋಗಿ.

ಎಲ್ಲ ಸರಿಯಿದೆ ಅಂದರೆ ನಡಿಗೆ ಶುರುಮಾಡಿ. ಒಂದೊಂದು ಪಾದದಲ್ಲಿ 26 ಮೂಳೆಗಳಿವೆ. ಮೈಯಲ್ಲಿರುವ 206ರಲ್ಲಿ ಕಾಲುಭಾಗ ಎರಡು ಪಾದಗಳಲ್ಲೇ ಇವೆ, ಲೆಕ್ಕದ ಟೀಚರ್‌ಗೆ ಬಿಡಿಸಿ ಹೇಳಬೇಕಿಲ್ಲ. ಇಷ್ಟು ಮೂಳೆ ಇರುವುದು ಪಾದ ಹಲಗೆಯ ಹಾಗೆ ಬೀಳದೆ ಉರುಳಲಿ ಅಂತ. ಹಿಮ್ಮಡಿ ಊರಿ, ಭಾರ ಮುಂದಕ್ಕೆ ಸಾಗಿ, ಕೊನೆಗೆ ಹೆಬ್ಬೆರಳು ನೆಲವನ್ನು ಹಿಂದಕ್ಕೆ ತಳ್ಳಬೇಕು. ಆ ತಳ್ಳುವಿಕೆ ಇಲ್ಲದಿದ್ದರೆ ಕಾಲು ಎಳೆದ ಹಾಗಾಗುತ್ತದೆ. ಕೈಗಳು ಬೀಸಲಿ. ಎಡಗಾಲು ಮುಂದೆ ಹೋದಾಗ ಬಲಗೈ ತಾನಾಗಿ ಬರುತ್ತದೆ, ಉತ್ತರ ಪತ್ರಿಕೆಯ ಕಟ್ಟು ಅದನ್ನು ಹಿಡಿದಿಡದಿದ್ದರೆ.

ತಲೆ ಎತ್ತಿ ನಡೆಯಿರಿ ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಬೆಂಗಳೂರಿನ ಫುಟ್‌ಪಾತ್ ಮೇಲೆ ಹಾಗೆ ಹೇಳಿದರೆ ನಿಮ್ಮ ಆಸ್ಪತ್ರೆ ಬಿಲ್ ನಾನೇ ಕಟ್ಟಬೇಕಾದೀತು. ಕಿತ್ತುಹೋದ ಚಪ್ಪಡಿ, ಕೇಬಲ್, ನಿಲ್ಲಿಸಿದ ಬೈಕು. ಇಲ್ಲಿ ಕಣ್ಣು ಕೆಳಗಿರಲಿ, ಕತ್ತು ಬೇಡ. ಬೆಳಿಗ್ಗೆ ಸ್ಯಾಂಕಿ ಕೆರೆಯಲ್ಲೋ ಲಾಲ್‌ಬಾಗಿನಲ್ಲೋ ಹತ್ತು ನಿಮಿಷ ಮಾತ್ರ ಗಮನವಿಟ್ಟು ನಡೆಯಿರಿ. ಉಳಿದದ್ದು ಸುಮ್ನೆ ವಾಕಿಂಗ್ ಆಗಿರಲಿ, ಇಲ್ಲದಿದ್ದರೆ ರೋಬೋ ಥರ ಆಗಿಬಿಡುತ್ತೀರಿ. ಮನೆಯಲ್ಲಿ ದಿನಕ್ಕೆ ಎರಡು ನಿಮಿಷ ಗೋಡೆಗೆ ಬೆನ್ನು ಕೊಟ್ಟು ತಾಡಾಸನ, ಅಂದರೆ ನೆಟ್ಟಗೆ ನಿಲ್ಲುವ ಆಸನ. ಗಲ್ಲ ಎತ್ತದೆ ತಲೆ ಗೋಡೆಗೆ ತಾಗುತ್ತದಾ ನೋಡಿ. ತಾಗದಿದ್ದರೆ ಒತ್ತಾಯ ಮಾಡಬೇಡಿ, ಎಷ್ಟು ಬೆರಳು ಅಂತರ ಅಂತ ಬರೆದಿಡಿ.

ಎರಡು ತಿಂಗಳಾದ ಮೇಲೆ ಮಗಳಿಗೆ ಇನ್ನೊಂದು ವಿಡಿಯೋ ತೆಗೆಯಲು ಹೇಳಿ. ಯಾವತ್ತು ತೆಗೆಯುತ್ತಾಳೆ ಅನ್ನುವುದು ಮಾತ್ರ ನಿಮಗೆ ಗೊತ್ತಾಗಬಾರದು.

– ಸಂಪಾದಕ