ಜೋಮು ಹಿಡಿದದ್ದು ನರಕ್ಕಾ, ರಕ್ತಕ್ಕಾ?

ಪ್ರಶ್ನೆ: ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತರೆ ಪಾಯಸ ಬರುವಷ್ಟರಲ್ಲಿ ಬಲಗಾಲು ಜೋಮು ಹಿಡಿದಿರುತ್ತದೆ. ರಕ್ತ ನಿಂತುಹೋಗಿದೆ ಅಂತಾರೆ ಅಮ್ಮ. ಅಪ್ಪನಿಗೆ ಸ್ವಲ್ಪ ದೂರ ನಡೆದರೆ ಸಾಕು, ಮೀನಖಂಡ ಹಿಡಿದುಕೊಳ್ಳುತ್ತದೆ. ಎರಡೂ ಒಂದೇ ತೊಂದರೆಯಾ?
ಓದುಗರೊಬ್ಬರು, ದಾವಣಗೆರೆ

ಉತ್ತರ: ಅಲ್ಲ. ನಿಮ್ಮದು ನರದ ತಕರಾರು, ಕಾಯಿಲೆ ಅನ್ನುವಷ್ಟೂ ಇಲ್ಲ. ನನಗೆ ಯೋಚನೆ ಅಪ್ಪನದ್ದೇ.

ಮೊಣಕಾಲಿನ ಹೊರಮಗ್ಗುಲಲ್ಲಿ, ಸ್ವಲ್ಪ ಕೆಳಗೆ ಬೆರಳಿಟ್ಟು ನೋಡಿ. ಗೋಲಿಯಂಥ ಮೂಳೆ ಸಿಗುತ್ತೆ ಅಲ್ವಾ? ಅದರ ಬುಡದಲ್ಲೇ ಪೆರೋನಿಯಲ್ ಅನ್ನೋ ನರ ಮೂಳೆಯನ್ನು ಬಳಸಿಕೊಂಡು ಮುಂದಕ್ಕೆ ಬರುತ್ತದೆ, ಮೇಲೆ ಮಾಂಸದ ಹೊದಿಕೆ ಅಷ್ಟಾಗಿ ಇಲ್ಲ. ಸೊಂಟದಿಂದ ಹೊರಟು ತೊಡೆಯ ಹಿಂದೆ ಇಳಿಯುವ ಸಯಾಟಿಕ್ ನರ ಇದೆಯಲ್ಲ, ಮೈಯಲ್ಲೇ ಅತಿ ದಪ್ಪನೆಯದು, ಶುರುವಿನಲ್ಲಿ ಸುಮಾರು 2 ಸೆಂಟಿಮೀಟರ್ ಅಗಲ, ಅದರದೇ ಒಂದು ಕವಲು ಇದು. ನೆಲದ ಮೇಲೆ ಕೂತಾಗ ಈ ಜಾಗ ಒತ್ತಿಹೋಗುತ್ತದೆ, ಪಾದದ ಸುದ್ದಿ ಮೇಲಕ್ಕೆ ಹೋಗುವುದಿಲ್ಲ. ಅಮ್ಮ ಹೇಳಿದ್ದು ಪೂರ್ತಿ ತಪ್ಪೇನಲ್ಲ, ನರಕ್ಕೆ ರಕ್ತ ಕೊಡುವ ಕೂದಲೆಳೆಯಂಥ ನಾಳಗಳೂ ಜೊತೆಗೇ ಅದುಮಿಹೋಗುತ್ತವೆ. ಆದರೆ ಇಡೀ ಕಾಲಿನ ರಕ್ತ ನಿಂತಿರುವುದಿಲ್ಲ. ಆಗಾಗ ಕಾಲು ಬದಲಿಸಿ, ಜೋಮು ಬಿಡುವವರೆಗೆ ಸುಮ್ನೆ ಎದ್ದು ಓಡಬೇಡಿ. ಎದ್ದು ಎಷ್ಟೋ ಹೊತ್ತಾದ ಮೇಲೂ ಪಾದ ಮೇಲೆತ್ತಲಾಗದೆ ಚಪ್ಪಲಿ ನೆಲಕ್ಕೆ ಎಳೆಯುತ್ತಿದ್ದರೆ ಮಾತ್ರ ಡಾಕ್ಟರಿಗೆ ತೋರಿಸಿ.

ಈಗ ಅಪ್ಪನ ವಿಷಯ. ಹೊಟ್ಟೆಯ ದೊಡ್ಡ ರಕ್ತನಾಳ ಹೊಕ್ಕುಳಿನ ಆಸುಪಾಸಿನಲ್ಲಿ ಎರಡಾಗಿ, ತೊಡೆಸಂದಿನಲ್ಲಿ ಹಾದು, ಮಂಡಿಯ ಹಿಂದಿನಿಂದ ಪಾದಕ್ಕೆ ಇಳಿಯುತ್ತದೆ. ದಾರಿಯಲ್ಲಿ ಎಲ್ಲೋ ಕೊಬ್ಬು ಕಟ್ಟಿ ಕಿರಿದಾದರೆ, ಕೂತಾಗ ಸಾಲುವ ರಕ್ತ ನಡೆಯುವಾಗ ಸಾಲುವುದಿಲ್ಲ. ಅವರ ಜೊತೆ ಒಂದು ದಿನ ನಡೆದು ನೋಡಿ. ಪ್ರತಿ ಸಲ ಹೆಚ್ಚುಕಡಿಮೆ ಅಷ್ಟೇ ದೂರಕ್ಕೆ ನೋವು ಬಂದು, ಸುಮ್ನೆ ನಿಂತರೆ ಕೆಲವೇ ನಿಮಿಷದಲ್ಲಿ ಹೋದರೆ ಅದು ರಕ್ತದ್ದೇ ಇರುವ ಸಂಭವ ಜಾಸ್ತಿ. ನಿಂತರೆ ಸಾಲದು, ಕೂರಬೇಕು ಇಲ್ಲವೇ ಮುಂದಕ್ಕೆ ಬಗ್ಗಬೇಕು ಅನ್ನುವವರಿಗೆ ಸಾಮಾನ್ಯವಾಗಿ ಬೆನ್ನುಮೂಳೆಯೊಳಗೆ ನರ ಒತ್ತಿರುತ್ತದೆ.

ಬೀಡಿ ಸಿಗರೇಟಾಗಲಿ ಸಕ್ಕರೆ ಕಾಯಿಲೆಯಾಗಲಿ ಇದೆಯಾ ಅಂತ ನೀವು ಬರೆದಿಲ್ಲ. ಇದ್ದರೆ ತಡಮಾಡಬೇಡಿ. ಸೂಜಿ ಚುಚ್ಚುವ ಪರೀಕ್ಷೆಯೇನಲ್ಲ, ತೋಳಿನ ಬಿಪಿ ಜೊತೆ ಪಾದದ ಗಂಟಿನ ಹತ್ತಿರದ ಬಿಪಿಯನ್ನೂ ನೋಡುತ್ತಾರೆ. ಕಾಲಿನದನ್ನು ತೋಳಿನದರಿಂದ ಭಾಗಿಸಿದಾಗ 0.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ನಾಳ ಕಿರಿದಾಗಿದೆ ಅಂತ ಲೆಕ್ಕ.