ಚರ್ಮದೊಳಗೆ ಸರ್ಕಾರಕ್ಕೆ ಕೆಲಸವಿಲ್ಲ

ಓದುಗರ ಪತ್ರ: "ಮಾನ್ಯ ಸಂಪಾದಕರೇ, ನನ್ನ ಅಣ್ಣನವರಿಗೆ ಮರೆವಿನ ಕಾಯಿಲೆ. ಕಳೆದ ವರ್ಷ ಮನೆ ಬಿಟ್ಟು ಹೊರಟವರು ಮೂರು ದಿನಗಳ ಮೇಲೆ ಪಕ್ಕದ ಜಿಲ್ಲೆಯ ಬಸ್ ನಿಲ್ದಾಣದಲ್ಲಿ ಸಿಕ್ಕರು. ಹಸುವಿಗೆ ಕಿವಿಯೋಲೆ, ಸಾಕುನಾಯಿಗೆ ಮೈಕ್ರೋಚಿಪ್ ಹಾಕುವ ಈ ಕಾಲದಲ್ಲಿ ಮನುಷ್ಯರಿಗೂ ಹಾಕಲು ಏನಡ್ಡಿ? ಸರ್ಕಾರವೇ ಪ್ರತಿಯೊಬ್ಬರಿಗೂ ಕಡ್ಡಾಯವಾಗಿ ಚಿಪ್ ಅಳವಡಿಸಿದರೆ ಕಳೆದುಹೋದವರು ಸಿಗುತ್ತಾರೆ, ನಕಲಿ ಕಾರ್ಡುಗಳ ಹಾವಳಿಯೂ ತಪ್ಪುತ್ತದೆ. ತಪ್ಪು ಮಾಡದವನಿಗೆ ಭಯವೇಕೆ?" – ನಿವೃತ್ತ ಶಿಕ್ಷಕರು, ಹಾವೇರಿ

ಮೇಷ್ಟ್ರೇ, ಆ ಮೂರು ದಿನ ನಿಮ್ಮ ಮನೆಯವರು ಪಟ್ಟ ಪಾಡನ್ನು ಊಹಿಸಬಲ್ಲೆ. ನಿಮ್ಮ ಪತ್ರದ ಹಿಂದಿರುವ ಕಳಕಳಿಯ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಪ್ರಜ್ಞೆ ತಪ್ಪಿ ಆಸ್ಪತ್ರೆ ಸೇರಿದ ರೋಗಿಯ ವಿವರ ವೈದ್ಯರಿಗೆ ತಕ್ಷಣ ಸಿಗಲಿ ಎಂಬ ಉದ್ದೇಶದಿಂದ 2004ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ವೆರಿಚಿಪ್ ಎಂಬ ಸಾಧನವನ್ನು ಮನುಷ್ಯರಲ್ಲಿ ಅಳವಡಿಸಲು ಒಪ್ಪಿಗೆ ಕೊಟ್ಟಿದ್ದೂ ನಿಜ. ಸ್ವೀಡನ್ನಿನಲ್ಲಿ ಸಾವಿರಾರು ಜನ ತಾವಾಗಿಯೇ ಕೈಗೆ ಚಿಪ್ ಹಾಕಿಸಿಕೊಂಡಿದ್ದಾರೆ, ಅಲ್ಲಿನ ರೈಲ್ವೆ ಸಂಸ್ಥೆ 2017ರಲ್ಲಿ ಅದನ್ನೇ ಟಿಕೆಟ್ಟಾಗಿ ಒಪ್ಪಿಕೊಂಡಿತು. ವಯಸ್ಕನೊಬ್ಬ ತಿಳಿದು, ಇಷ್ಟಪಟ್ಟು ಹಾಗೆ ಮಾಡಿಸಿಕೊಂಡರೆ ನನ್ನ ತಕರಾರಿಲ್ಲ.

ಆದರೆ ನಿಮ್ಮ ಅಣ್ಣನವರ ಭುಜದಲ್ಲಿ ಆ ಚಿಪ್ ಇದ್ದಿದ್ದರೂ ಅವರು ಒಂದು ಗಳಿಗೆ ಮೊದಲೂ ಸಿಗುತ್ತಿರಲಿಲ್ಲ. ಅದು ಅಕ್ಕಿಕಾಳಿನಷ್ಟು ಗಾತ್ರದ ಗಾಜಿನ ಕೊಳವೆ. ಒಳಗೆ ಸಣ್ಣದೊಂದು ತಂತಿಯ ಸುರುಳಿ ಮತ್ತು ಒಂದು ಸಂಖ್ಯೆ ಇರುತ್ತದೆ, ಅಷ್ಟೇ. ಬ್ಯಾಟರಿ ಇಲ್ಲ, ಜಿಪಿಎಸ್ ಇಲ್ಲ. ಓದುವ ಯಂತ್ರವನ್ನು ಮೈಗೆ ತಾಗುವಷ್ಟು ಹತ್ತಿರ ತಂದಾಗ ಮಾತ್ರ, ಆ ಯಂತ್ರ ಕೊಟ್ಟ ಶಕ್ತಿಯಿಂದಲೇ, ಅದು ತನ್ನ ಸಂಖ್ಯೆಯನ್ನು ಒಪ್ಪಿಸುತ್ತದೆ. ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತ ಮುದುಕರ ಹತ್ತಿರ ಹೋಗಿ ಯಾರಾದರೊಬ್ಬರು ಮಾತನಾಡಿಸಲೇಬೇಕು. ಹಾಗೆ ಮಾತನಾಡಿಸುವವರಿದ್ದರೆ ಜುಬ್ಬದ ಒಳಮೈಗೆ ಹೊಲಿದ ಫೋನ್ ನಂಬರೂ ಅದೇ ಕೆಲಸ ಮಾಡುತ್ತದೆ.

ಈ ವಿಷಯದಲ್ಲಿ ನೀವೊಬ್ಬರೇ ಮೋಸಹೋದವರಲ್ಲ. 2016ರ ನವೆಂಬರಿನಲ್ಲಿ ಎರಡು ಸಾವಿರದ ಹೊಸ ನೋಟಿನೊಳಗೆ ನ್ಯಾನೋ ಚಿಪ್ ಇದೆ, ನೆಲದಡಿ ಹೂತಿಟ್ಟರೂ ಉಪಗ್ರಹ ಪತ್ತೆ ಹಚ್ಚುತ್ತದೆ ಎಂಬ ಸುಳ್ಳನ್ನು ನಮ್ಮ ಟಿವಿ ವಾಹಿನಿಗಳೇ ಹೇಳಿದವು, ಜನ ಅದನ್ನು ಸಂತೋಷದಿಂದ ನಂಬಿದರು. 2020ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಯೂಗವ್ ನಡೆಸಿದ ಸಮೀಕ್ಷೆಯಲ್ಲಿ ಶೇ 28ರಷ್ಟು ಮಂದಿ, ಬಿಲ್ ಗೇಟ್ಸ್ ಲಸಿಕೆಯ ನೆಪದಲ್ಲಿ ಜನರ ಮೈಗೆ ಚಿಪ್ ಸೇರಿಸಲು ಹೊರಟಿದ್ದಾರೆಂದು ನಂಬಿದ್ದರು. ಇಲ್ಲಿ ಹಿಗ್ಗು, ಅಲ್ಲಿ ದಿಗಿಲು. ಎರಡರ ಬೇರೂ ಚಿಪ್ಪಿಗೆ ಇಲ್ಲದ ಶಕ್ತಿಯನ್ನು ಆರೋಪಿಸುವ ಅಜ್ಞಾನವೇ. ಲಸಿಕೆಯ ಸುಳ್ಳಿನಿಂದ ಇನ್ನೊಂದು ಅನ್ಯಾಯವೂ ಆಯಿತು: ಕಡ್ಡಾಯ ಅಳವಡಿಕೆಯನ್ನು ವಿರೋಧಿಸುವ ವಿವೇಕಿಗಳನ್ನೂ ಈಗ ತಲೆಕೆಟ್ಟವರ ಸಾಲಿಗೆ ಸೇರಿಸುವುದು ಸುಲಭವಾಗಿಬಿಟ್ಟಿದೆ.

ಇನ್ನು ನಿಮ್ಮ ಹಸು ಮತ್ತು ನಾಯಿಯ ಮಾತು. ಕಿವಿಯೋಲೆಯ ಹನ್ನೆರಡು ಅಂಕಿಗಳು ಕೊನೆಗೆ ತೋರಿಸುವುದು ಹಸುವಿನ ಯಜಮಾನನನ್ನು. ನಾಯಿಯ ಚಿಪ್ ಕೂಡ ಹಾಗೆಯೇ. ಮನುಷ್ಯನ ಮೈಯೊಳಗಿನ ಸಂಖ್ಯೆ ಯಾರನ್ನು ಯಜಮಾನನೆಂದು ತೋರಿಸಬೇಕು? ನಲವತ್ತು ವರ್ಷ ಮಕ್ಕಳಿಗೆ ಪೌರನೀತಿ ಹೇಳಿದ ಕೈಯಿಂದ ಈ ಹೋಲಿಕೆ ಬಂದದ್ದು ನನಗೆ ನಿಜವಾಗಿಯೂ ನೋವು ತಂದಿತು.

ನನ್ನ ಆಕ್ಷೇಪದ ತಿರುಳನ್ನು ಹೇಳಲು ದಕ್ಷಿಣ ಆಫ್ರಿಕಾದ ಟ್ರಾನ್ಸ್‌ವಾಲ್‌ಗೆ ಹೋಗಬೇಕು. 1906ರಲ್ಲಿ ಅಲ್ಲಿನ ಸರ್ಕಾರವು ಎಂಟು ವರ್ಷ ದಾಟಿದ ಪ್ರತಿ ಭಾರತೀಯನೂ ಹತ್ತೂ ಬೆರಳುಗಳ ಗುರುತು ಕೊಟ್ಟು ನೋಂದಾಯಿಸಿಕೊಳ್ಳಬೇಕು, ಪೊಲೀಸರು ಕೇಳಿದಾಗಲೆಲ್ಲ ಪತ್ರ ತೋರಿಸಬೇಕು ಎಂದು ವಿಧಿಸಲು ಹೊರಟಿತು. ಆ ಸೆಪ್ಟೆಂಬರ್ 11ರಂದು ಜೋಹಾನ್ಸ್‌ಬರ್ಗಿನ ಎಂಪೈರ್ ಥಿಯೇಟರಿನಲ್ಲಿ ಸೇರಿದ ಭಾರತೀಯರು ಇದಕ್ಕೆ ಮಣಿಯುವುದಿಲ್ಲವೆಂದು ಪ್ರತಿಜ್ಞೆ ಮಾಡಿದರು. 1908ರ ಜನವರಿಯಲ್ಲಿ ಜನರಲ್ ಸ್ಮಟ್ಸ್ ಜೊತೆ ರಾಜಿಯಾಗಿ, ಕಡ್ಡಾಯ ಹೋಗಿ ಸ್ವಯಂಪ್ರೇರಿತ ನೋಂದಣಿ ಎಂದಾದಾಗ ಗಾಂಧೀಜಿ ಒಪ್ಪಿದರು. ಮೊದಲಿಗರಾಗಿ ನೋಂದಾಯಿಸಲು ಹೊರಟ ಅವರನ್ನು, ಈ ರಾಜಿಯನ್ನು ದ್ರೋಹವೆಂದು ಬಗೆದ ಮೀರ್ ಆಲಂ ಎಂಬ ಪಠಾಣ ದಾರಿಯಲ್ಲೇ ಹೊಡೆದು ಕೆಡವಿದ. ಪಾದ್ರಿ ಡೋಕ್ ಅವರ ಮನೆಯಲ್ಲಿ ಗಾಯಗೊಂಡು ಮಲಗಿದ್ದ ಗಾಂಧೀಜಿ ನೋಂದಣಾಧಿಕಾರಿಯನ್ನು ಅಲ್ಲಿಗೇ ಕರೆಸಿಕೊಂಡು ಬೆರಳಚ್ಚು ಕೊಟ್ಟರು. ಅವರ ಜಗಳ ಬೆರಳಚ್ಚಿನ ಮೇಲೆ ಇರಲಿಲ್ಲ, ಬಲಾತ್ಕಾರದ ಮೇಲಿತ್ತು. ಸರ್ಕಾರ ಕಾನೂನನ್ನು ರದ್ದು ಮಾಡದಿದ್ದಾಗ, ಅದೇ ವರ್ಷ ಆಗಸ್ಟ್ 16ರಂದು ಹಮೀದಿಯಾ ಮಸೀದಿಯ ಬಯಲಿನಲ್ಲಿ ಕಬ್ಬಿಣದ ದೊಡ್ಡ ಕಡಾಯಿಯೊಂದಕ್ಕೆ ಎರಡು ಸಾವಿರಕ್ಕೂ ಹೆಚ್ಚು ನೋಂದಣಿ ಪತ್ರಗಳನ್ನು ಸುರಿದು, ಸೀಮೆಎಣ್ಣೆ ಹೊಯ್ದು ಬೆಂಕಿಯಿಟ್ಟರು.

ಕೈಯಲ್ಲಿದ್ದ ಕಾಗದವಾದ್ದರಿಂದ ಸುಟ್ಟರು, ಮೇಷ್ಟ್ರೇ. ಮಾತು ತಪ್ಪಿದ ಸರ್ಕಾರಕ್ಕೆ 'ಇಗೋ, ನಿಮ್ಮ ಗುರುತು ನೀವೇ ಇಟ್ಟುಕೊಳ್ಳಿ' ಎಂದು ಹೇಳುವ ದಾರಿ ಅವರಿಗಿತ್ತು. ಮಾಂಸದೊಳಗೆ ಹುದುಗಿದ ಗುರುತನ್ನು ಹಾಗೆ ಹಿಂತಿರುಗಿಸುವುದು ಹೇಗೆ? ವೆರಿಚಿಪ್ಪಿನ ಸಂಖ್ಯೆಯನ್ನು ನಕಲು ಮಾಡಬಹುದೆಂದು 2006ರಲ್ಲೇ ಮಾಡಿ ತೋರಿಸಿದ್ದಾರೆ. ಕಾರ್ಡು ನಕಲಾದರೆ ಹೊಸದು ಮಾಡಿಸಬಹುದು. ಚಿಪ್ ನಕಲಾದರೆ ಮತ್ತೆ ಕತ್ತರಿ ಹಿಡಿದವರ ಮುಂದೆ ಮಲಗಬೇಕು.

'ತಪ್ಪು ಮಾಡದವನಿಗೆ ಭಯವೇಕೆ' ಎಂದಿರಿ. ಇಂಥ ಯೋಜನೆಗಳು ಯಾರ ಮೈಯಿಂದ ಶುರುವಾಗುತ್ತವೆ ಎಂಬುದನ್ನು ನೋಡಿ. 2006ರಲ್ಲಿ ವೆರಿಚಿಪ್ ಕಂಪನಿಯ ಮುಖ್ಯಸ್ಥರು ಅಮೆರಿಕಕ್ಕೆ ಬರುವ ವಲಸೆ ಕೂಲಿಗಳಿಗೆ ಚಿಪ್ ಹಾಕುವ ಸಲಹೆ ಮುಂದಿಟ್ಟರು. ಹಾಗೆ ಅಮೆರಿಕಕ್ಕೆ ಹೋಗುವ ತಮ್ಮ ದೇಶದ ಕೂಲಿಗಳಿಗೆ ಹಾಕಲು ಕೊಲಂಬಿಯಾದ ಅಧ್ಯಕ್ಷ ಉರಿಬೆ ಸಿದ್ಧರಿದ್ದಾರೆಂದು ಅಮೆರಿಕದ ಸೆನೆಟರ್ ಆರ್ಲೆನ್ ಸ್ಪೆಕ್ಟರ್ ಅದೇ ವರ್ಷ ತಿಳಿಸಿದರು. 2008ರಲ್ಲಿ ಇಂಡೋನೇಷ್ಯಾದ ಪಪುವಾ ಪ್ರಾಂತ್ಯದ ಶಾಸನಸಭೆಯಲ್ಲಿ ಕೆಲವು ಎಚ್‌ಐವಿ ಸೋಂಕಿತರಿಗೆ ಚಿಪ್ ಹಾಕುವ ಪ್ರಸ್ತಾಪ ಬಂದು, ತೀವ್ರ ವಿರೋಧದ ನಂತರ ಬಿದ್ದುಹೋಯಿತು. ಕೂಲಿಯವರು, ರೋಗಿಗಳು, ಬೇಡವೆಂದು ಹೇಳುವ ದನಿಯಿಲ್ಲದವರು. ಮಂತ್ರಿಗಳ ತೋಳಿನಿಂದ ಆರಂಭಿಸೋಣ ಎಂದು ಯಾವ ಮಸೂದೆಯೂ ಹೇಳಿದ್ದನ್ನು ನಾನು ಓದಿಲ್ಲ.

ನಮ್ಮಲ್ಲಿ ಇನ್ನೊಂದು ರೋಗವಿದೆ. ಕಾಗದದಲ್ಲಿ ಐಚ್ಛಿಕ, ಕಿಟಕಿಯಲ್ಲಿ ಕಡ್ಡಾಯ. ನ್ಯಾಯಬೆಲೆ ಅಂಗಡಿಯೊಂದರಲ್ಲಿ ನಾನೇ ಕಂಡದ್ದು: ಇಡೀ ಬದುಕನ್ನು ಕಲ್ಲುಮಣ್ಣು ಹೊತ್ತು ಕಳೆದ ಅಜ್ಜಿಯ ಹೆಬ್ಬೆಟ್ಟಿನ ಗೆರೆಗಳೇ ಸವೆದಿದ್ದವು. ಒದ್ದೆ ಬಟ್ಟೆಯಲ್ಲಿ ಒರೆಸಿ, ಸೆರಗಿಗೆ ಉಜ್ಜಿ, ಮತ್ತೆ ಮತ್ತೆ ಒತ್ತಿದರೂ ಯಂತ್ರ ಒಪ್ಪಲಿಲ್ಲ. 'ನಾನು ನಾನೇ ಕಣಪ್ಪಾ, ನಿನಗೆ ಗೊತ್ತಲ್ಲ' ಎಂದಳು ಅಜ್ಜಿ. ಅಂಗಡಿಯವನಿಗೆ ಗೊತ್ತಿತ್ತು, ಅವಳ ಮೊಮ್ಮಕ್ಕಳ ಹೆಸರೂ ಗೊತ್ತಿತ್ತು. ಆದರೂ ಚೀಲ ಖಾಲಿಯೇ ಹೋಯಿತು. ಇಂಥ ದೇಶದಲ್ಲಿ ಚಿಪ್ಪಿಗೆ ಒಪ್ಪಿಗೆ ಕೇಳಿದರೆ ಅಕ್ಕಿ ಬೇಕಾದವರೆಲ್ಲ ಒಪ್ಪುತ್ತಾರೆ. ಅದನ್ನು ಒಪ್ಪಿಗೆಯೆಂದು ಕರೆಯಲು ನಾನು ಸಿದ್ಧನಿಲ್ಲ.

ನಮ್ಮ ನಾಡಿನವರು ಇಂಥ ಬಲವಂತದ ವಿರುದ್ಧ ಗಟ್ಟಿಯಾಗಿ ನಿಂತಿದ್ದಾರೆಂಬುದು ನನಗೆ ಹೆಮ್ಮೆ. ಆರೋಪಿಗಳ ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ ನಡೆಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2010ರಲ್ಲಿ ತೀರ್ಪಿತ್ತದ್ದು ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣದಲ್ಲಿ. 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿದ ಕೆ.ಎಸ್. ಪುಟ್ಟಸ್ವಾಮಿಯವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳು, ಎಂಬತ್ತು ದಾಟಿದ ಹಿರಿಯರು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು ಅವರ ಅರ್ಜಿಯ ಫಲ. ಅದೇ ವರ್ಷ ಮೇ ತಿಂಗಳಲ್ಲಿ, ಪ್ರಜೆಗೆ ತನ್ನ ದೇಹದ ಮೇಲೆ ಪರಮ ಹಕ್ಕಿಲ್ಲವೆಂದು ಕೇಂದ್ರದ ಅಟಾರ್ನಿ ಜನರಲ್ ಅದೇ ನ್ಯಾಯಾಲಯದಲ್ಲಿ ವಾದಿಸಿದ್ದರು ಎಂಬುದನ್ನು ನೆನಪಿಡಿ.

ಹಾಗಾದರೆ ಏನು ಮಾಡಬೇಕು? ಅಮೆರಿಕದ ವಿಸ್ಕಾನ್ಸಿನ್ ರಾಜ್ಯ 2006ರಲ್ಲೇ ದಾರಿ ತೋರಿಸಿದೆ: ಯಾರೂ ಇನ್ನೊಬ್ಬರಿಗೆ ಚಿಪ್ ಹಾಕಿಸಿಕೊಳ್ಳುವಂತೆ ಒತ್ತಾಯಿಸುವಂತಿಲ್ಲ, ಮೀರಿದರೆ ದಿನಕ್ಕೆ ಹತ್ತು ಸಾವಿರ ಡಾಲರ್‌ವರೆಗೆ ದಂಡ. 2017ರಲ್ಲಿ ಅದೇ ರಾಜ್ಯದ ರಿವರ್ ಫಾಲ್ಸ್ ಎಂಬ ಊರಿನ ಕಂಪನಿಯೊಂದರ ಐವತ್ತರಷ್ಟು ನೌಕರರು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಚಿಪ್ ಹಾಕಿಸಿಕೊಂಡರು. ಬೇಡವೆಂದವರು ಅದೇ ಕಚೇರಿಯಲ್ಲಿ ಹಾಗೆಯೇ ಕೆಲಸ ಮಾಡಿಕೊಂಡಿದ್ದರು. ಕಾನೂನು ಯಾರ ಕುತೂಹಲಕ್ಕೂ ಅಡ್ಡಬರಲಿಲ್ಲ, ಬೇಡವೆಂದವರನ್ನು ಮಾತ್ರ ಕಾಯಿತು. ನಮ್ಮ ಸಂಸತ್ತು ಇಂಥದೊಂದು ಕಾನೂನನ್ನು ಈಗಲೇ, ಯಾರೂ ಸಿರಿಂಜು ಹಿಡಿದು ಬಾಗಿಲಿಗೆ ಬರುವ ಮೊದಲೇ, ಮಾಡಬೇಕು. ನಿಮ್ಮ ಅಕ್ಷರ ಮುತ್ತಿನಂತಿದೆ, ವಾದ ಮಂಡಿಸುವ ಕಲೆಯೂ ನಿಮಗೆ ಒಲಿದಿದೆ. ಈ ಬಾರಿ ನಿಮ್ಮ ಸಂಸದರಿಗೆ ಬರೆಯಿರಿ, ಅದರ ಒಂದು ಪ್ರತಿಯನ್ನು ನನಗೂ ಕಳುಹಿಸಿ. ಇದೇ ಪುಟದಲ್ಲಿ ಅಚ್ಚು ಹಾಕುತ್ತೇನೆ.

– ಸಂಪಾದಕ